ಕಿಲ್ಡಾಲ್ ಸೋತದ್ದು ವಿಮಾನದಿಂದಲ್ಲ

ಪತ್ರ: ಹಳೇ ಕಂಪ್ಯೂಟರ್‌ಗಳ ಬಗೆಗಿನ ನಿಮ್ಮ ಲೇಖನದಲ್ಲಿ ಗ್ಯಾರಿ ಕಿಲ್ಡಾಲ್ ಹೆಸರಿದೆ. ಆದರೆ ಕಂಪ್ಯೂಟರ್ ಕಂಪನಿ ಐಬಿಎಂನವರು ಬಾಗಿಲಿಗೆ ಬಂದ ದಿನ ಅವರು ವಿಮಾನ ಹಾರಿಸುವ ಶೋಕಿಗೆ ಹೋಗಿದ್ದು, ಅದೃಷ್ಟ ಬಿಲ್ ಗೇಟ್ಸ್ ಪಾಲಾಗಿದ್ದು ಯಾಕಿಲ್ಲ? ಸಮಯಪಾಲನೆಯ ಪಾಠಕ್ಕೆ ನಾನು ಮಕ್ಕಳಿಗೆ ಇದನ್ನೇ ಹೇಳುತ್ತೇನೆ.
– ಶಿಕ್ಷಕರು, ತಿಪಟೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಆ ಕಥೆಯನ್ನು ಬೇಕೆಂದೇ ಬಿಟ್ಟೆವು. ಅದರಿಂದ ಒಬ್ಬ ದೊಡ್ಡ ಕೆಲಸಗಾರನಿಗೆ ಅನ್ಯಾಯವಾಗಿದೆ.

ಕಿಲ್ಡಾಲ್ ಅವತ್ತು ವಿಮಾನದಲ್ಲಿ ಹೋಗಿದ್ದು ನಿಜ. ಆದರೆ ಹೋಗಿದ್ದು ಕಂಪನಿಯ ಕೆಲಸಕ್ಕೆ, ಗಿರಾಕಿಯೊಬ್ಬರನ್ನು ನೋಡಲು. ಅವರ ಡಿಜಿಟಲ್ ರಿಸರ್ಚ್ ಕಂಪನಿಯಲ್ಲಿ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಪತ್ನಿ ಡೊರೊತಿ. ತಮ್ಮ ಹೊಸ ಪರ್ಸನಲ್ ಕಂಪ್ಯೂಟರ್‌ಗೆ ಆಪರೇಟಿಂಗ್ ಸಿಸ್ಟಮ್ (ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮ್) ಹುಡುಕಿಕೊಂಡು 1980ರಲ್ಲಿ ಕ್ಯಾಲಿಫೋರ್ನಿಯಾದ ಪೆಸಿಫಿಕ್ ಗ್ರೋವ್‌ನಲ್ಲಿದ್ದ ಆ ಕಂಪನಿಗೆ ಬಂದ ಐಬಿಎಂನವರು ಮಾತಿಗೆ ಮೊದಲೇ ಒಂದು ಕರಾರು ಮುಂದಿಟ್ಟರು. ಐಬಿಎಂ ಹೇಳಿದ್ದನ್ನು ಇವರು ಎಲ್ಲೂ ಬಾಯಿಬಿಡುವಂತಿಲ್ಲ. ಇವರು ಹೇಳಿದ್ದಕ್ಕೆ ಮಾತ್ರ ಅಂಥ ರಕ್ಷಣೆ ಇಲ್ಲ. ಡೊರೊತಿ ಸಹಿ ಹಾಕಲಿಲ್ಲ. ನೀವಾಗಿದ್ದರೆ ಹಾಕುತ್ತಿದ್ದಿರಾ? ಕಿಲ್ಡಾಲ್ ಮಧ್ಯಾಹ್ನ ವಾಪಸ್ ಬಂದರು. ಆದರೂ ವ್ಯವಹಾರ ಕುದುರಲಿಲ್ಲ. ಒಂದೇ ಸಲ ದುಡ್ಡು ಕೊಟ್ಟು ಮುಗಿಸಬೇಕು ಅಂತ ಐಬಿಎಂ, ಮಾರಾಟವಾದ ಒಂದೊಂದು ಪ್ರತಿಗೂ ಇಷ್ಟು ಅಂತ ಕಿಲ್ಡಾಲ್.

ಆಗ ಮೈಕ್ರೋಸಾಫ್ಟ್‌ನ ಗೇಟ್ಸ್ ಸಿಯಾಟಲ್‌ನ ಒಂದು ಚಿಕ್ಕ ಕಂಪನಿಯಿಂದ, ಟಿಮ್ ಪ್ಯಾಟರ್ಸನ್ ಬರೆದಿದ್ದ ಆಪರೇಟಿಂಗ್ ಸಿಸ್ಟಮ್ ಕೊಂಡು ಐಬಿಎಂಗೆ ಕೊಟ್ಟರು. ಅದು ಕಿಲ್ಡಾಲ್ ಬರೆದಿದ್ದ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ ಮಾದರಿಯಲ್ಲೇ ಇತ್ತು. ಕಿಲ್ಡಾಲ್ ತಕರಾರು ತೆಗೆದರು. ಎರಡನ್ನೂ ಮಾರುತ್ತೇವೆ ಎಂದು ಐಬಿಎಂ ಒಪ್ಪಿತು. ಆದರೆ ಬೆಲೆ ನೋಡಿ: ಗೇಟ್ಸ್ ಅವರದ್ದು 40 ಡಾಲರ್, ಕಿಲ್ಡಾಲ್ ಅವರದ್ದು 240. ಜನ ಯಾವುದನ್ನು ಕೊಂಡರು ಅಂತ ಹೇಳಬೇಕಾಗಿಲ್ಲ. ನಮ್ಮ ಪ್ರಕಾರ ನಿಜವಾದ ಸೋಲು ಅದು.

ಅದಕ್ಕಿಂತ ಬೇಜಾರಿನ ಸಂಗತಿ ಎಂದರೆ, ವಿಮಾನದ ಕಥೆಯ ಗದ್ದಲದಲ್ಲಿ ಅವರ ಕೆಲಸವೇ ಮರೆತುಹೋಗಿದೆ. 1942ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಕಿಲ್ಡಾಲ್ ಕೂಡ ನಿಮ್ಮ ಹಾಗೆ ಮೇಷ್ಟ್ರೇ. ಮಾಂಟೆರೆಯ ನೌಕಾಪಡೆ ಕಾಲೇಜಿನಲ್ಲಿ ಪಾಠ ಮಾಡುತ್ತಾ, ಬಿಡುವಿನಲ್ಲಿ ಚಿಪ್ ತಯಾರಿಸುವ ಇಂಟೆಲ್ ಕಂಪನಿಗೆ ಕೆಲಸ ಮಾಡಿಕೊಡುತ್ತಿದ್ದರು. ಇಂಟೆಲ್ ಚಿಪ್ ಇನ್ನೂ ಟ್ರಾಫಿಕ್ ಸಿಗ್ನಲ್‌ನಂಥ ಯಂತ್ರಗಳಿಗೆ ಮಾತ್ರ ಎಂದು ಜನ ನಂಬಿದ್ದ ಕಾಲ. ಕಿಲ್ಡಾಲ್ ಬಳಸಿ ಸವೆದ ಒಂದು ಫ್ಲಾಪಿ ಡ್ರೈವ್ (ಮಾಹಿತಿ ಉಳಿಸುವ ತೆಳು ಡಿಸ್ಕನ್ನು ಓದುವ ಸಾಧನ) ಸಂಪಾದಿಸಿದರು. ಗೆಳೆಯ ಜಾನ್ ಟೊರೋಡ್ ಅದನ್ನು ಚಿಪ್‌ಗೆ ಜೋಡಿಸುವ ಸರ್ಕ್ಯೂಟ್ ಮಾಡಿಕೊಟ್ಟರು. 1974ರಲ್ಲಿ ಸಿಪಿ/ಎಂ ಓಡಿತು.

ಆಮೇಲಿನ ಹೆಜ್ಜೆ ಇನ್ನೂ ದೊಡ್ಡದು. ಒಂದೊಂದು ಕಂಪನಿಯ ಕಂಪ್ಯೂಟರ್‌ಗೂ ಬೇರೆ ಬೇರೆ ಡಿಸ್ಕು, ಬೇರೆ ಕೀಬೋರ್ಡು. ಪ್ರತಿ ಸಲ ಎಲ್ಲವನ್ನೂ ತಿದ್ದಬೇಕು. ಕಿಲ್ಡಾಲ್ ಯಂತ್ರಕ್ಕೆ ತಕ್ಕಂತೆ ಬದಲಾಗುವ ಭಾಗವನ್ನಷ್ಟೇ ಕಿತ್ತು ಬೇರೆ ಇಟ್ಟು, ಅದನ್ನು ಬಯೋಸ್ ಎಂದು ಕರೆದರು. ಆ ಚಿಕ್ಕ ತುಂಡನ್ನು ಬರೆದುಕೊಂಡರೆ ಸಾಕು, ಉಳಿದದ್ದು ಹಾಗೇ ಓಡುತ್ತದೆ. ಒಬ್ಬರು ಬರೆದ ಪ್ರೋಗ್ರಾಮ್ ಹತ್ತಾರು ಕಂಪನಿಗಳ ಯಂತ್ರಗಳಲ್ಲಿ ನಡೆಯುವಂತಾಗಿದ್ದು ಹೀಗೆ.

1991ರಲ್ಲಿ ಡಿಜಿಟಲ್ ರಿಸರ್ಚ್ ನೊವೆಲ್ ಎಂಬ ಇನ್ನೊಂದು ಸಾಫ್ಟ್‌ವೇರ್ ಕಂಪನಿಗೆ ಮಾರಾಟವಾಯಿತು. 1994ರಲ್ಲಿ, 52ನೇ ವಯಸ್ಸಿಗೇ ಕಿಲ್ಡಾಲ್ ತೀರಿಕೊಂಡರು.

ಮಕ್ಕಳಿಗೆ ಅವರ ವಿಷಯ ಹೇಳುವುದನ್ನು ದಯವಿಟ್ಟು ನಿಲ್ಲಿಸಬೇಡಿ, ಮೇಷ್ಟ್ರೇ. ಶಾಲೆಯಲ್ಲಿ ವಿಂಡೋಸ್ ಕಂಪ್ಯೂಟರ್ ಇದ್ದರೆ ಸಿ ಡ್ರೈವ್ ತೆರೆದು ತೋರಿಸಿ. ಡ್ರೈವ್‌ಗೆ ಹೀಗೆ ಅಕ್ಷರ ಇಡುವ ರೂಢಿ ನಮ್ಮ ಮೇಜಿನ ಕಂಪ್ಯೂಟರ್‌ಗೆ ಬಂದದ್ದು ಸಿಪಿ/ಎಂನಿಂದ. ಎ ಮತ್ತು ಬಿ ಎಲ್ಲಿ ಹೋದವು ಅಂತ ಯಾರಾದರೂ ಖಂಡಿತ ಕೇಳುತ್ತಾರೆ. ಅವು ಫ್ಲಾಪಿಗೆ ಮೀಸಲಾಗಿದ್ದವು ಅನ್ನಿ. ಹಳೇ ಫ್ಲಾಪಿ ಒಂದು ಸಿಕ್ಕರೆ ತರಗತಿಗೆ ತೆಗೆದುಕೊಂಡು ಹೋಗಿ.