ಆ ತಂಡ ಶಾಲೆಯದಲ್ಲ, ಹುಡುಗರದು

(ಅಮೆರಿಕದ ಮೂಲನಿವಾಸಿ ಮಕ್ಕಳಿಗಾಗಿ ಇದ್ದ ಕಾರ್ಲೈಲ್ ಶಾಲೆಯ ಬಗ್ಗೆ ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಹಾಸನದ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಾತಿನ ಸಾರ ಇಷ್ಟು: "ಲೇಖನದ ತುಂಬ ಶಾಲೆಯನ್ನು ಬೈದಿದ್ದೀರಿ. 1912ರ ಫುಟ್‌ಬಾಲ್ ಸೀಸನ್ ಬಗ್ಗೆ ಎರಡೇ ಸಾಲು. ಆ ಶಾಲೆ ಇಲ್ಲದಿದ್ದರೆ ಜಿಮ್ ಥಾರ್ಪ್ ಎಂಬ ಹೆಸರು ನಮಗೆ ಗೊತ್ತಾಗುತ್ತಿತ್ತಾ? ಅಲ್ಲದೆ ತಂಡದಲ್ಲಿ ಅವರೊಬ್ಬರೇ ಇದ್ದರಾ? ಉಳಿದವರು ಏನಾದರು?")

ಮೇಷ್ಟ್ರೇ, ನಮಸ್ಕಾರ.

ಶಾಲೆ ಇಲ್ಲದಿದ್ದರೆ ಥಾರ್ಪ್ ಹೆಸರು ಗೊತ್ತಾಗುತ್ತಿತ್ತಾ ಎಂಬ ನಿಮ್ಮ ಪ್ರಶ್ನೆ ಇನ್ನೂ ಬಹಳ ಜನರ ಮನಸ್ಸಿನಲ್ಲಿದೆ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದ. ಮೊದಲು ಆಟದ ವಿಷಯಕ್ಕೆ ಬರುತ್ತೇನೆ.

ಇದು ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗೆರೆ ದಾಟಿಸಬೇಕು. 1905ರ ಹೊತ್ತಿಗೆ ಈ ಆಟ ಬರೀ ಗುದ್ದಾಟವಾಗಿತ್ತು. ಮೈದಾನದಲ್ಲೇ ಹುಡುಗರು ಸಾಯುತ್ತಿದ್ದರು. ಆ ಗಲಾಟೆಯ ನಂತರ 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅವಕಾಶ ಕೊಟ್ಟರು. ದೊಡ್ಡ ಕಾಲೇಜುಗಳು ಇದನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ಅವರ ಬಳಿ ದಢೂತಿ ಆಳುಗಳಿದ್ದರು, ತಳ್ಳಿಕೊಂಡು ಹೋದರೆ ಸಾಕಿತ್ತು. ಕಾರ್ಲೈಲ್ ಹುಡುಗರು ಮೈಕಟ್ಟಿನಲ್ಲಿ ಹಗುರ. ಓಟ, ಎಸೆತ, ಎದುರಾಳಿಯ ಕಣ್ಣು ತಪ್ಪಿಸುವ ಚಳಕ, ಇವೇ ಅವರ ಬಲ. 1903ರಲ್ಲಿ ಹಾರ್ವರ್ಡ್ ಎದುರು ಒಬ್ಬ ಆಟಗಾರನ ಜೆರ್ಸಿಯ ಬೆನ್ನಿನೊಳಗೆ ಚೆಂಡು ತುರುಕಿ, ಎಲ್ಲರೂ ಹುಡುಕುತ್ತಿರುವಾಗಲೇ ಗೆರೆ ದಾಟಿಸಿದ್ದರು. 1907ರಲ್ಲಿ ಎಸೆತದ ಆಟವನ್ನೇ ನಂಬಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವನ್ನು 26-6ರಿಂದ ಸೋಲಿಸಿದರು. ಇಂದು ಅಮೆರಿಕದವರು ಟಿವಿ ಮುಂದೆ ಕುಳಿತು ನೋಡುವ ಆಟಕ್ಕೆ ದಾರಿ ಹಾಕಿದವರಲ್ಲಿ ಈ ಹುಡುಗರೂ ಇದ್ದಾರೆ.

ಇನ್ನು 1912. ಆ ವರ್ಷ ನಿಯಮ ಮತ್ತೆ ಬದಲಾಯಿತು. ಗೆರೆ ದಾಟಿಸಿದರೆ ಐದರ ಬದಲು ಆರು ಅಂಕ. ಹತ್ತು ಗಜ ಮುಂದೆ ಹೋಗಲು ಮೂರರ ಬದಲು ನಾಲ್ಕು ಪ್ರಯತ್ನ. ಎಸೆತದ ದೂರಕ್ಕಿದ್ದ ಮಿತಿಯೂ ಹೋಯಿತು. ಚುರುಕಾದ ತಂಡಕ್ಕೆ ಇದಕ್ಕಿಂತ ಏನು ಬೇಕು? ಜುಲೈನಲ್ಲಿ ಕಾರ್ಲೈಲ್‌ನ ಥಾರ್ಪ್ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಐದು ಸ್ಪರ್ಧೆಗಳ ಪೆಂಟಾಥ್ಲಾನ್, ಹತ್ತು ಸ್ಪರ್ಧೆಗಳ ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದು ಬಂದಿದ್ದರು. (ಅದೇ ಶಾಲೆಯ ಹೋಪಿ ಬುಡಕಟ್ಟಿನ ಹುಡುಗ ಲೂಯಿಸ್ ತೆವಾನಿಮಾ 10,000 ಮೀಟರ್ ಓಟದಲ್ಲಿ ಬೆಳ್ಳಿ ತಂದರು. ಅವರನ್ನು ನೆನೆಯುವವರು ಕಡಿಮೆ.) ಸೆಪ್ಟೆಂಬರ್‌ನಿಂದ ನವೆಂಬರ್ ಕೊನೆಯವರೆಗೆ 14 ಆಟ. 12 ಗೆಲುವು, ಒಂದು ಸೋಲು, ಒಂದು ಡ್ರಾ. ಹಿಂದಿನ ವರ್ಷ ಒಂದೇ ಅಂಕದಿಂದ ಸೋಲಿಸಿದ್ದ ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ಈ ಸಲ 33-0ರ ಸೋಲು.

ನವೆಂಬರ್ 9ರಂದು ವೆಸ್ಟ್ ಪಾಯಿಂಟ್‌ನಲ್ಲಿ ಸೇನೆಯ ಅಕಾಡೆಮಿ ಜೊತೆ ಆಟ. ಸುಮ್ನೆ ಯೋಚಿಸಿ. ದಕ್ಷಿಣ ಡಕೋಟಾದ ವೂಂಡೆಡ್ ನೀಯಲ್ಲಿ ಅಮೆರಿಕದ ಸೈನಿಕರು ಲಕೋಟಾ ಎಂಬ ಮೂಲನಿವಾಸಿ ಜನರ ಮೇಲೆ, ಹೆಂಗಸರು ಮಕ್ಕಳೆನ್ನದೆ, ಗುಂಡು ಹಾರಿಸಿದ್ದು 1890ರ ಡಿಸೆಂಬರ್‌ನಲ್ಲಿ. ಅದಾಗಿ ಇನ್ನೂ 22 ವರ್ಷ. ಒಂದು ಕಡೆ ಮೂಲನಿವಾಸಿ ಮನೆಗಳ ಮಕ್ಕಳು, ಇನ್ನೊಂದು ಕಡೆ ಅದೇ ಸೇನೆಗೆ ಅಧಿಕಾರಿಗಳಾಗಲಿರುವ ಯುವಕರು. ಅವರಲ್ಲಿ ಒಬ್ಬರು ಡ್ವೈಟ್ ಐಸೆನ್‌ಹೋವರ್, ಮುಂದೆ ಅಮೆರಿಕದ ಅಧ್ಯಕ್ಷರಾದವರು.

ಮೊದಲು ಅಂಕ ಗಳಿಸಿದ್ದು ಸೇನೆ. ಕಾರ್ಲೈಲ್ ಕೋಚ್ ಪಾಪ್ ವಾರ್ನರ್ ಹೊಸ ವ್ಯೂಹವೊಂದನ್ನು ಕಲಿಸಿದ್ದರು. ಹಿಂದೆ ನಿಲ್ಲುವ ಓಟಗಾರರಿಬ್ಬರನ್ನು ಸಾಲಿನ ಎರಡೂ ತುದಿಗೆ ತಂದು ನಿಲ್ಲಿಸುವುದು. ಚೆಂಡು ಯಾವ ಕಡೆಗೆ ಹೋಗುತ್ತದೆ ಎಂದು ಎದುರಾಳಿಗೆ ಸುಳಿವೇ ಸಿಗುವುದಿಲ್ಲ. ಎಲ್ಲರ ಕಣ್ಣು ಥಾರ್ಪ್ ಮೇಲೆ. ಅಷ್ಟರಲ್ಲಿ ಅವರ ಜೊತೆಗಾರ ಅಲೆಕ್ಸ್ ಅರ್ಕಾಸಾ ಮೂರು ಸಲ ಗೆರೆ ದಾಟಿಸಿದರು! ಸೇನೆಯ ನಾಯಕ ಲೆಲ್ಯಾಂಡ್ ಡೆವೋರ್ ಭಾರೀ ಆಳು. ಎದುರಿಗಿದ್ದ ಜೋ ಗಯಾನ್ ಅವರ ಹೊಡೆತ ತಾಳಲಾರದೆ ಕೈ ಮಾಡಿದರು, ರೆಫರಿ ಹೊರಗೆ ಕಳಿಸಿದರು. ಐಸೆನ್‌ಹೋವರ್ ಮತ್ತು ಅವರ ಜೊತೆಗಾರ ಸೇರಿ ಥಾರ್ಪ್‌ರನ್ನು ಉರುಳಿಸಲು ನೋಡಿದರು, ಫಲ ಸಿಗಲಿಲ್ಲ. ಕೊನೆಗೆ 27-6. ಗುಂಡು ಹಾರಿಸಿದವರ ಅಂಗಳದಲ್ಲೇ, ಗುಂಡಿಲ್ಲದೆ, ಎಲ್ಲರೆದುರು ಗೆದ್ದರು. ನನಗೆ ಇದು ಆ ಕಾಲದ ಅತಿ ದೊಡ್ಡ ಆಟ.

ಮುಂದಿನ ವಾರ ಪೆನ್ಸಿಲ್ವೇನಿಯಾ ಎದುರು 34-26ರಿಂದ ಸೋತರು, ಸೀಸನ್ನಿನ ಒಂದೇ ಸೋಲು. ಕೊನೆಯ ಆಟದಲ್ಲಿ ಬ್ರೌನ್ ವಿಶ್ವವಿದ್ಯಾಲಯವನ್ನು 32-0ರಿಂದ ಸೋಲಿಸಿದರು.

ಈಗ ಶಾಲೆಯ ಬಗ್ಗೆ ನಿಮ್ಮ ಪ್ರಶ್ನೆ. ಕಾರ್ಲೈಲ್ ಕಾಲೇಜೇ ಅಲ್ಲ, ಕಾಲೇಜುಗಳ ಜೊತೆ ಆಡುತ್ತಿದ್ದ ವಸತಿ ಶಾಲೆ. 1879ರಲ್ಲಿ ಪೆನ್ಸಿಲ್ವೇನಿಯಾದ ಹಳೇ ಸೇನಾ ಬ್ಯಾರಕ್‌ಗಳಲ್ಲಿ ರಿಚರ್ಡ್ ಪ್ರಾಟ್ ಎಂಬ ಸೇನಾಧಿಕಾರಿ ಶುರು ಮಾಡಿದ್ದು. ಒಳಗಿನ ಇಂಡಿಯನ್ನನ್ನು (ಮೂಲನಿವಾಸಿಗಳನ್ನು ಆಗ ಕರೆಯುತ್ತಿದ್ದುದು ಹಾಗೆ) ಕೊಂದು ಮನುಷ್ಯನನ್ನು ಉಳಿಸಬೇಕು ಎಂದು ಬಾಯಿಬಿಟ್ಟು ಹೇಳಿದವರು ಅವರು. ಮಕ್ಕಳ ಕೂದಲು ಕತ್ತರಿಸಿದರು, ಹೆಸರು ಬದಲಿಸಿದರು, ಮನೆಮಾತು ಆಡದಂತೆ ತಡೆದರು. ಅರ್ಧ ದಿನ ಪಾಠ, ಅರ್ಧ ದಿನ ದುಡಿಮೆ. ಅಲ್ಲಿನ ಸ್ಮಶಾನದಲ್ಲಿ 180ಕ್ಕೂ ಹೆಚ್ಚು ಸಮಾಧಿಗಳಿದ್ದವು. 2017ರಿಂದ ಈಚೆಗಷ್ಟೇ ಕೆಲವು ಮಕ್ಕಳ ಅವಶೇಷಗಳು ಅವರವರ ಜನರ ಬಳಿಗೆ ಮರಳುತ್ತಿವೆ. ಇದನ್ನೆಲ್ಲ ಬರೆದರೆ ಬೈದಂತೆ ಆಗುವುದಿಲ್ಲ, ಮೇಷ್ಟ್ರೇ. ನಡೆದದ್ದೇ ಹಾಗೆ.

ಫುಟ್‌ಬಾಲ್ ಕೂಡ ಶಾಲೆ ಕೊಟ್ಟ ವರವಲ್ಲ. ಒಬ್ಬ ಹುಡುಗನ ಕಾಲು ಮುರಿದ ಮೇಲೆ ಹೊರಗಿನವರ ಜೊತೆ ಆಡುವುದನ್ನೇ ಪ್ರಾಟ್ ನಿಲ್ಲಿಸಿದ್ದರು. ಆಗ ಸುಮಾರು ನಲವತ್ತು ಹುಡುಗರು ಅವರ ಕಚೇರಿಗೆ ಹೋಗಿ ಆಡಲು ಬಿಡಿ ಎಂದು ವಾದ ಮಾಡಿದರು. ಇದು ಪ್ರಾಟ್ ಅವರೇ ಬರೆದಿಟ್ಟ ಸಂಗತಿ. ಅವರು ಎರಡು ಷರತ್ತು ಹಾಕಿ ಒಪ್ಪಿದರು: ಯಾರೇ ಹೊಡೆದರೂ ತಿರುಗಿ ಕೈ ಮಾಡಬಾರದು, ಕೆಲವೇ ವರ್ಷಗಳಲ್ಲಿ ದೇಶದ ದೊಡ್ಡ ತಂಡಗಳನ್ನು ಸೋಲಿಸಬೇಕು. ಕೇಳಿದ್ದು ಹುಡುಗರು, ಷರತ್ತು ಉಳಿಸಿಕೊಂಡದ್ದೂ ಹುಡುಗರು. ಹಾಗಿರುವಾಗ ಗೆದ್ದ ಕೀರ್ತಿ ಶಾಲೆಗೆ ಏಕೆ ಹೋಗಬೇಕು?

ಥಾರ್ಪ್‌ಗೆ ಶಾಲೆ ಏನು ಮಾಡಿತು ಎಂಬುದನ್ನೂ ನೋಡಿ. ಅವರು 1909, 1910ರ ಬೇಸಿಗೆಯಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದು 1913ರ ಜನವರಿಯಲ್ಲಿ ಪತ್ರಿಕೆಗೆ ಬಂತು. ಆಗ ಬೇರೆ ಕಾಲೇಜು ಹುಡುಗರೂ ಕಳ್ಳ ಹೆಸರಿನಲ್ಲಿ ಹಾಗೇ ಆಡುತ್ತಿದ್ದರು. ಥಾರ್ಪ್ ಸ್ವಂತ ಹೆಸರಿನಲ್ಲೇ ಆಡಿದ್ದರು. ವಾರ್ನರ್ ತಮಗೆ ಏನೂ ಗೊತ್ತಿರಲಿಲ್ಲ ಎಂದುಬಿಟ್ಟರು. ನನಗಂತೂ ನಂಬಿಕೆ ಬರುವುದಿಲ್ಲ. ದುಡ್ಡಿಗೆ ಆಡಿದವರು ಒಲಿಂಪಿಕ್ಸ್‌ನಲ್ಲಿ ಆಡುವಂತಿರಲಿಲ್ಲ, ಪದಕ ಹೋಯಿತು. ಥಾರ್ಪ್ 1953ರಲ್ಲಿ ತೀರಿಕೊಂಡರು. 1983ರಲ್ಲಿ ಅವರ ಮಕ್ಕಳ ಕೈಗೆ ಪದಕದ ಪ್ರತಿಗಳನ್ನು ಕೊಟ್ಟರು, ಆದರೆ ಜಂಟಿ ವಿಜೇತ ಎಂದು. ಅವರೊಬ್ಬರೇ ವಿಜೇತ ಎಂದು ಒಲಿಂಪಿಕ್ ಸಮಿತಿ ಒಪ್ಪಿದ್ದು 2022ರಲ್ಲಿ.

ಉಳಿದವರ ಬಗ್ಗೆ ಕೇಳಿದ್ದು ಬಹಳ ಸಂತೋಷವಾಯಿತು. ಗಯಾನ್ ಮುಂದೆ ಜಾರ್ಜಿಯಾ ಟೆಕ್ ಸೇರಿ, 1917ರಲ್ಲಿ ಒಂದೂ ಆಟ ಸೋಲದ ತಂಡದಲ್ಲಿ ಆಡಿದರು. ಆಮೇಲೆ ವೃತ್ತಿಪರ ಫುಟ್‌ಬಾಲ್‌ನಲ್ಲೂ ದೊಡ್ಡ ಹೆಸರು ಮಾಡಿದರು. ನನಗೆ ಎಲ್ಲರಿಗಿಂತ ಜಾಸ್ತಿ ಗೌರವ ಗಸ್ ವೆಲ್ಚ್ ಮೇಲೆ. 1912ರ ತಂಡದ ಕ್ವಾರ್ಟರ್‌ಬ್ಯಾಕ್, ಮೈದಾನದಲ್ಲಿ ಆಟ ನಡೆಸುತ್ತಿದ್ದವರು. ಶಾಲೆಯಲ್ಲಿ ನಡೆಯುತ್ತಿದ್ದುದನ್ನು ವಿಚಾರಿಸಿ ಎಂದು 200ಕ್ಕೂ ಹೆಚ್ಚು ವಿದ್ಯಾರ್ಥಿಗಳ ಸಹಿ ಹಾಕಿಸಿ ಸರ್ಕಾರಕ್ಕೆ ಮನವಿ ಕಳಿಸಿದರು. 1914ರಲ್ಲಿ ಸಂಸತ್ತಿನ ಸಮಿತಿ ಬಂತು. ಟಿಕೆಟ್ ಹಣ ಎಲ್ಲಿಗೆ ಹೋಯಿತು, ಮಕ್ಕಳನ್ನು ಹೇಗೆ ಹೊಡೆದರು, ಎಲ್ಲದರ ವಿಚಾರಣೆ ನಡೆಯಿತು. ವಾರ್ನರ್ ಒಳ್ಳೆಯ ಕೋಚ್, ಆದರೆ ನೀತಿ ಇಲ್ಲದ ಮನುಷ್ಯ ಎಂದು ವೆಲ್ಚ್ ಸಮಿತಿಯ ಮುಂದೆ ನೇರವಾಗಿ ಹೇಳಿದರು. ಶಾಲೆಯ ಮುಖ್ಯಸ್ಥರು ಹುದ್ದೆ ಕಳೆದುಕೊಂಡರು. ವಾರ್ನರ್ ಪಿಟ್ಸ್‌ಬರ್ಗ್‌ಗೆ ಹೊರಟರು. 1918ರಲ್ಲಿ ಶಾಲೆಯೇ ಮುಚ್ಚಿತು. ವೆಲ್ಚ್ ಆಮೇಲೆ ವಾಷಿಂಗ್ಟನ್ ಸ್ಟೇಟ್ ಕಾಲೇಜಿನಲ್ಲಿ, ನಿಮ್ಮ ಹಾಗೇ, ಹುಡುಗರಿಗೆ ಆಟ ಕಲಿಸಿದರು.

- ಸಂಪಾದಕ