ನೇಟಿವ್ ರೆಂಡರಿಂಗೋ, ಹೈಬ್ರಿಡ್ಡೋ? ಮೊದಲು ನಿಮ್ಮ ಆ್ಯಪ್‌ನ ಕಷ್ಟದ ಸ್ಕ್ರೀನ್ ಹುಡುಕಿ

ನೀವು ಕೇಳಿರುವುದು ಇಷ್ಟು: ಇಬ್ಬರೇ ಇದ್ದೀರಿ, ವೆಬ್ ಕೆಲಸ ಚೆನ್ನಾಗಿ ಗೊತ್ತು, ಆ್ಯಂಡ್ರಾಯ್ಡ್ ಮತ್ತು ಐಫೋನ್ ಎರಡಕ್ಕೂ ಆ್ಯಪ್ ಬೇಕು. ಹೈಬ್ರಿಡ್, ಅಂದರೆ ಒಂದೇ ಕೋಡ್ ಬರೆದು ಎರಡೂ ಫೋನಿಗೆ ಆಗುವ ಆ್ಯಪ್ ಮಾಡಿದರೆ, ಆಯಾ ಫೋನಿನದೇ ಭಾಷೆಯಲ್ಲಿ ಬೇರೆ ಬೇರೆ ಬರೆದ ನೇಟಿವ್ ಆ್ಯಪ್‌ಗಿಂತ ನಿಧಾನ ಆಗುತ್ತಾ?

ಆಗಬಹುದು, ಆಗದೆಯೂ ಇರಬಹುದು. ತಪ್ಪಿಸಿಕೊಳ್ಳಲು ಹೀಗೆ ಹೇಳುತ್ತಿಲ್ಲ. ಹೈಬ್ರಿಡ್ ಅಂತ ಜನ ಕರೆಯುವುದೇ ಮೂರು ಬೇರೆ ಬೇರೆ ದಾರಿಗಳನ್ನು. ಸ್ಕ್ರೀನ್ ಮೇಲಿನ ಬಟನ್ ಅನ್ನು ಯಾರು ಬಿಡಿಸುತ್ತಾರೆ ಅಂತ ನೋಡಿ, ಗೊಂದಲ ಅರ್ಧ ಕಡಿಮೆಯಾಗುತ್ತದೆ. ಆ್ಯಪ್ ಕಟ್ಟುವ ಟೂಲ್‌ಗಳಾದ ಕಾರ್ಡೋವಾ, ಐಯಾನಿಕ್‌ನಲ್ಲಿ ಅದನ್ನು ಬಿಡಿಸುವುದು ವೆಬ್‌ವ್ಯೂ, ಅಂದರೆ ಆ್ಯಪ್ ಒಳಗೆ ಕೂತ ಬ್ರೌಸರ್. ರಿಯಾಕ್ಟ್ ನೇಟಿವ್‌ನಲ್ಲಿ ನೀವು ಬರೆಯುವುದು ಜಾವಾಸ್ಕ್ರಿಪ್ಟ್, ಆದರೆ ಸ್ಕ್ರೀನ್ ಮೇಲೆ ಬರುವುದು ಫೋನಿನದೇ ಅಸಲಿ ಬಟನ್. ಫ್ಲಟರ್ ಯಾರನ್ನೂ ಕೇಳುವುದಿಲ್ಲ, ಎಲ್ಲವನ್ನೂ ತಾನೇ ಬಿಡಿಸಿಕೊಳ್ಳುತ್ತದೆ.

60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಸ್ಕ್ರೀನಿನಲ್ಲಿ ಒಂದು ಚಿತ್ರಕ್ಕೆ (ಫ್ರೇಮಿಗೆ) ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. 120 ಹರ್ಟ್ಸ್ ಆದರೆ 8.3. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಸ್ಕ್ರೋಲ್ ತಡವರಿಸುತ್ತದೆ. ಫಾರ್ಮು, ಸೆಟ್ಟಿಂಗ್ಸ್, ನಾಲ್ಕು ಸಾಲು ಮಾಹಿತಿ ತೋರಿಸುವ ಪುಟಕ್ಕೆಲ್ಲ ಇದು ಸಮಸ್ಯೆಯೇ ಅಲ್ಲ.

ನನಗೆ ಪೆಟ್ಟು ಬಿದ್ದದ್ದು ಒಂದು ಚಾಟ್ ಸ್ಕ್ರೀನಿನಲ್ಲಿ. ಇಡೀ ಆ್ಯಪ್ ವೆಬ್‌ವ್ಯೂನಲ್ಲಿತ್ತು. ನನ್ನ ಹೊಸ ಫೋನಿನಲ್ಲಿ ಬೆಣ್ಣೆ ಥರ ಓಡುತ್ತಿತ್ತು. 2 ಜಿಬಿ ರ್‍ಯಾಮ್‌ನ ಹಳೆ ಫೋನಿನಲ್ಲಿ ಜೋರಾಗಿ ಸ್ಕ್ರೋಲ್ ಮಾಡಿದರೆ ಬರೀ ಬಿಳಿ ಜಾಗ, ಒಂದು ಕ್ಷಣ ಬಿಟ್ಟು ಮೆಸೇಜುಗಳು ಬರುತ್ತಿದ್ದವು. ಕೀಬೋರ್ಡ್ ಮೇಲೆ ಬಂದರೆ ಕಳಿಸುವ ಬಟನ್ನೇ ಅದರಡಿ ಮುಚ್ಚಿಹೋಗುತ್ತಿತ್ತು! ತಪ್ಪು ಪೂರ್ತಿ ವೆಬ್‌ವ್ಯೂನದ್ದಲ್ಲ ಬಿಡಿ. ಸಾವಿರಾರು ಮೆಸೇಜುಗಳನ್ನು ಒಟ್ಟಿಗೇ ಪುಟದಲ್ಲಿ ತುಂಬಿದವನು ನಾನೇ. ಕಣ್ಣಿಗೆ ಕಾಣುವಷ್ಟು ಸಾಲುಗಳನ್ನು ಮಾತ್ರ ಇಟ್ಟ ಮೇಲೆ ಸುಮಾರಾಗಿ ಸರಿಹೋಯಿತು. ಆದರೆ ಆ್ಯಂಡ್ರಾಯ್ಡ್‌ನ ರಿಸೈಕ್ಲರ್‌ವ್ಯೂ ಎಂಬ, ಪಟ್ಟಿ ತೋರಿಸುವ ಭಾಗ ಮಾಡುವುದೇ ಈ ಕೆಲಸವನ್ನು. ಅಲ್ಲಿ ಸಿದ್ಧವಾಗಿ ಸಿಗುವುದನ್ನು ನಾನಿಲ್ಲಿ ಎರಡು ವಾರ ಕೂತು ಕಟ್ಟಿದ್ದೆ. ಕೊನೆಗೆ ಆ ಒಂದು ಸ್ಕ್ರೀನನ್ನು ನೇಟಿವ್‌ನಲ್ಲಿ ಬರೆದು, ಉಳಿದದ್ದನ್ನೆಲ್ಲ ಹಾಗೇ ಬಿಟ್ಟೆವು. ಹಾಗೆ ಬೆರೆಸಬಹುದು, ಯಾರೂ ಬೇಡ ಅನ್ನುವುದಿಲ್ಲ.

2012ರಲ್ಲಿ ಫೇಸ್‌ಬುಕ್ ಕೂಡ ಎಚ್‌ಟಿಎಂಎಲ್5 ಎಂಬ ವೆಬ್ ತಂತ್ರಜ್ಞಾನವನ್ನು ನೆಚ್ಚಿಕೊಂಡಿದ್ದ ತನ್ನ ಐಫೋನ್ ಆ್ಯಪನ್ನು ನೇಟಿವ್‌ನಲ್ಲಿ ಹೊಸದಾಗಿ ಬರೆಯಿತು. 2015ರಲ್ಲಿ ರಿಯಾಕ್ಟ್ ನೇಟಿವ್ ಅನ್ನು ಎಲ್ಲರಿಗೂ ಕೊಟ್ಟಿದ್ದೂ ಅದೇ ಕಂಪನಿ. ಮಜಾ ಅಲ್ವಾ?

ರಿಯಾಕ್ಟ್ ನೇಟಿವ್ ನಿಧಾನ ಅನ್ನುವ ಬರಹ ಕಂಡರೆ ಮೊದಲು ಅದರ ತಾರೀಖು ನೋಡಿ. ಹಿಂದೆ ಜಾವಾಸ್ಕ್ರಿಪ್ಟ್ ಮತ್ತು ನೇಟಿವ್ ಕಡೆ ಮಾತಾಡಲು ನಡುವೆ ಒಂದು 'ಬ್ರಿಡ್ಜ್' ಇತ್ತು, ಪ್ರತಿ ಮಾತೂ ಜೇಸನ್ ಎಂಬ ಪಠ್ಯರೂಪಕ್ಕೆ ಬದಲಾಗಿ ದಾಟಬೇಕಿತ್ತು. 2024ರ 0.76 ಆವೃತ್ತಿಯಿಂದ ಬ್ರಿಡ್ಜ್ ಇಲ್ಲದ ಹೊಸ ರಚನೆಯೇ ಡೀಫಾಲ್ಟ್.

ಇನ್ನೊಂದು ಮಾತು. ವೆಬ್‌ಸೈಟನ್ನು ಸುಮ್ನೆ ವೆಬ್‌ವ್ಯೂನಲ್ಲಿ ಸುತ್ತಿ ಕಳಿಸಿದರೆ ಆಪಲ್ ವಾಪಸ್ ಕಳಿಸಬಹುದು. ಅವರ ನಿಯಮ 4.2 ಇರುವುದೇ ಅದಕ್ಕೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ರಿಯಾಕ್ಟ್ ನೇಟಿವ್‌ನಿಂದ ಶುರು ಮಾಡುತ್ತಿದ್ದೆ. ಕ್ಯಾಮೆರಾ ಫಿಲ್ಟರ್, ವಿಡಿಯೊ ಎಡಿಟಿಂಗ್ ಥರದ್ದೇ ಆ್ಯಪ್‌ನ ಜೀವಾಳವಾದರೆ ಮಾತ್ರ ನೇರ ನೇಟಿವ್: ಆ್ಯಂಡ್ರಾಯ್ಡ್‌ಗೆ ಕಾಟ್ಲಿನ್ ಭಾಷೆ, ಐಫೋನಿಗೆ ಸ್ವಿಫ್ಟ್. ಲಾಗಿನ್ ಪುಟದಿಂದ ಮಾತ್ರ ಶುರು ಮಾಡಬೇಡಿ, ಅದು ಎಲ್ಲದರಲ್ಲೂ ಚೆನ್ನಾಗೇ ಓಡುತ್ತದೆ. ನಿಮ್ಮ ಆ್ಯಪ್‌ನಲ್ಲಿ ಜಾಸ್ತಿ ಕಷ್ಟದ ಸ್ಕ್ರೀನ್ ಯಾವುದೋ ಅದೊಂದನ್ನೇ ಎರಡು ದಿನ ಕೂತು ಮಾಡಿ, ಸುಳ್ಳು ಡೇಟಾ ಸಾವಿರ ಸಾಲು ತುಂಬಿ, ಕೈಗೆ ಸಿಗುವ ಅತಿ ಹಳೆಯ ಫೋನಿನಲ್ಲಿ ಓಡಿಸಿ. ಜನರ ಕೈಗೆ ಕೊಡುವ ರಿಲೀಸ್ ಬಿಲ್ಡ್‌ನಲ್ಲೇ ನೋಡಿ. ತಪ್ಪು ಹುಡುಕಲು ನಾವು ಬಳಸುವ ಡೀಬಗ್ ಬಿಲ್ಡ್ ಹೇಗಿದ್ದರೂ ನಿಧಾನವೇ.