ಢಿಕ್ಕಿ ಹೊಡೆಯೋದರಲ್ಲಿ ಕಲಿಸೋದೇನಿದೆ?

ಪ್ರಶ್ನೆ: ಸರ್, ಅಮೆರಿಕದಲ್ಲಿರುವ ಮಗನ ಮನೆಗೆ ಹೋದಾಗ ಟಿವಿಯಲ್ಲಿ ಅವರ ಫುಟ್‌ಬಾಲ್ ನೋಡಿದೆ. ಮುಂದಿನ ಸಾಲಿನ ದಪ್ಪ ಹುಡುಗರು ಚೆಂಡು ಮುಟ್ಟುವುದೇ ಇಲ್ಲ, ಸುಮ್ನೆ ಎದುರಿನವರಿಗೆ ಢಿಕ್ಕಿ ಹೊಡೆಯುತ್ತಾರೆ. ಅಂಥ ಜಾಗದಲ್ಲಿ ಆಡಿದ ಜೋ ಗ್ರೀನ್ ಅನ್ನುವವರು ಮುಂದೆ ಕೋಚ್ ಆದರಂತೆ. ಢಿಕ್ಕಿ ಹೊಡೆಯೋದರಲ್ಲಿ ಕಲಿಸೋದೇನಿದೆ?
– ಗೃಹಿಣಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅಕ್ಕಾವ್ರೇ, ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಉರಿಯಿತು. ಗದಗಿನಲ್ಲಿ ಹನ್ನೊಂದು ವರ್ಷ ಕಬಡ್ಡಿ ಕಾರ್ನರ್‌ನಲ್ಲಿ ನಿಂತವನು ನಾನು. ಚಪ್ಪಾಳೆ, ಹಾರ ಎಲ್ಲ ರೇಡರ್‌ಗೆ. ಒಮ್ಮೆ ಫೈನಲ್ ಗೆದ್ದಾಗ ಪೇಪರಿನ ಫೋಟೋದಲ್ಲಿ ನನ್ನ ಅರ್ಧ ಕಿವಿ ಬಂದಿತ್ತು. ಅದಿರಲಿ.

ಗ್ರೀನ್ 1969ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಸೇರಿದರು. ಆ ವರ್ಷ ತಂಡ 14 ಪಂದ್ಯದಲ್ಲಿ ಗೆದ್ದಿದ್ದು ಒಂದೇ. ಕೋಚ್ ಚಕ್ ನೋಲ್ ಕೂಡ ಆಗ ಹೊಸಬರು. ಗ್ರೀನ್ ಜಾಗ ಡಿಫೆನ್ಸಿವ್ ಟ್ಯಾಕಲ್, ಅಂದರೆ ಮುಂದಿನ ಸಾಲಿನ ನಡುಮಧ್ಯ. ಚೆಂಡು ಹಿಡಿದು ಓಡುವವನ ದಾರಿ ಮುಚ್ಚಬೇಕು, ಎಸೆಯುವವನ ಮೈಮೇಲೆ ಬೀಳಬೇಕು. ತಡೆಯಲು ಇಬ್ಬರು ಬಂದರೆ ಇನ್ನೂ ಒಳ್ಳೆಯದು. ಇಬ್ಬರೂ ಇವನಿಗೇ ಅಂಟಿಕೊಂಡರೆ ಪಕ್ಕದ ಗೆಳೆಯನ ದಾರಿ ಖಾಲಿ.

1974ರಲ್ಲಿ ಗ್ರೀನ್ ನೇರವಾಗಿ ನಿಲ್ಲುವುದು ಬಿಟ್ಟರು. ಎದುರಿನ ಸಾಲಿನ ನಡುವೆ ನಿಲ್ಲುವ ಸೆಂಟರ್ ಮತ್ತು ಅವನ ಪಕ್ಕದ ಗಾರ್ಡ್, ಈ ಇಬ್ಬರ ಸಂದಿಗೆ ಓರೆಯಾಗಿ ನಿಲ್ಲತೊಡಗಿದರು. ಇವನನ್ನು ಯಾರು ಹಿಡಿಯಬೇಕು ಅಂತ ಇಬ್ಬರಿಗೂ ಗೊಂದಲ! 1975ರ ಜನವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಅವರ ಲೀಗಿನ ಫೈನಲ್‌ನಲ್ಲಿ, ಎದುರಾಳಿ ಮಿನ್ನೆಸೋಟ ವೈಕಿಂಗ್ಸ್ ಇಡೀ ಪಂದ್ಯದಲ್ಲಿ ಚೆಂಡು ಹಿಡಿದು ಓಡಿ ಮುಂದೆ ಸಾಗಿದ್ದು ಬರೀ 17 ಗಜ. ಅಂದು ಗ್ರೀನ್ ಚೆಂಡನ್ನೂ ಹಿಡಿದರು. ಒಮ್ಮೆ ವೈಕಿಂಗ್ಸ್‌ನವರು ಎಸೆದದ್ದನ್ನು, ಒಮ್ಮೆ ಅವರ ಕೈಜಾರಿದ್ದನ್ನು. ಮುಟ್ಟುವುದೇ ಇಲ್ಲ ಅನ್ನಬೇಡಿ.

ಹಾಗೆ ಓರೆಯಾಗಿ ನಿಂತು ಎದುರಿನವರನ್ನು ಗೊಂದಲಕ್ಕೆ ಕೆಡವುವುದು ಕೋಚ್ ಆಗುವವನಿಗೆ ಬೇಕಾದ ಬುದ್ಧಿಯೇ ಅಲ್ವಾ?

1981ರವರೆಗೆ ಆಡಿ ನಾಲ್ಕು ಸೂಪರ್ ಬೌಲ್ ಗೆದ್ದರು. 1987ರಲ್ಲಿ ಅದೇ ನೋಲ್ ಕೈಕೆಳಗೆ ಡಿಫೆನ್ಸಿವ್ ಲೈನ್ ಕೋಚ್, ಅಂದರೆ ತಡೆಯುವ ಮುಂದಿನ ಸಾಲಿನ ಕೋಚ್ ಆದರು. ಆಮೇಲೆ ಮಯಾಮಿ, ಅರಿಜೋನಾ ತಂಡಗಳಲ್ಲಿ. 2003ರವರೆಗೂ ಅದೇ ಕೆಲಸ. ಮುಖ್ಯ ಕೋಚ್ ಆಗಲೇ ಇಲ್ಲ. ಅದನ್ನು ಸೋಲು ಅಂತ ನಾನು ಒಪ್ಪುವುದಿಲ್ಲ. ನಮ್ಮ ಗರಡಿಮನೆಯ ಉಸ್ತಾದ ಎಂದಾದರೂ ಮೈಕ್ ಹಿಡಿದಿದ್ದನ್ನು ನೋಡಿದ್ದೀರಾ? ಪೈಲವಾನನ ಹಿಮ್ಮಡಿ ಎದ್ದರೆ ಬೆನ್ನಿಗೊಂದು ಬಾರಿಸಿ ಸರಿ ಮಾಡುತ್ತಾನೆ, ಅಷ್ಟೇ.

ಲೈನ್ ಕೋಚ್ ಕಲಿಸುವುದೂ ಇಂಥದ್ದೇ. ಚೆಂಡು ಅಲುಗಿದ ಕ್ಷಣವೇ ಹೊರಡಬೇಕು. ಸೊಂಟ ತಗ್ಗಿರಬೇಕು. ಎದುರಿನವನ ಕೈಗಿಂತ ಮೊದಲು ನಿಮ್ಮ ಕೈ ಅವನ ಎದೆಗೆ ಸೇರಬೇಕು. ನೆಟ್ಟಗೆ ಎದ್ದವನು ಕೆಟ್ಟ. ಸಂಜೆ ನಾನು ಕಾರ್ನರ್ ಹುಡುಗರಿಗೆ ಕಲಿಸುವಾಗಲೂ ಕೂಗುವುದು ಇದನ್ನೇ: "ಏ, ಕುಂಡಿ ಇಳಿಸೋ!"

ಮತ್ತೆ ಮ್ಯಾಚ್ ನೋಡಿದರೆ ಚೆಂಡು ಎಲ್ಲಿಗಾದರೂ ಹೋಗಲಿ, ನೀವು ಆ ದಪ್ಪ ಹುಡುಗನ ಕಾಲನ್ನೇ ನೋಡಿ. ಕಂಡದ್ದನ್ನು ಬರೆದು ಕಳಿಸಿ.